ಭಾನುವಾರ ಬಾರದ ತಲೆನೋವು

ಈ ವಾರ ಬಂದ ಒಂದು ಪತ್ರ ಎರಡು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಎತ್ತಿಡಲು ಮನಸ್ಸು ಬರುತ್ತಿಲ್ಲ. ಹಾಸನದ ಹತ್ತಿರದ ಹಳ್ಳಿಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಬರೆದಿರುವುದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಅವರಿಗೆ 36 ವರ್ಷ. ಕೆಲಸಕ್ಕೆ ಸೇರಿ ನಾಲ್ಕು ವರ್ಷ ನಾಲ್ಕು ತಿಂಗಳಾಯಿತು. ಮೊದಲು ಟ್ರಿಮ್ಮಿಂಗ್‌ನಲ್ಲಿದ್ದರು, ಅಂದರೆ ಹೊಲಿದ ಬಟ್ಟೆಯಲ್ಲಿ ಉಳಿದ ದಾರ ಕತ್ತರಿಸುವ ಕೆಲಸ. ಒಂದೂವರೆ ವರ್ಷದಿಂದ ಮಧ್ಯಾಹ್ನದವರೆಗೆ ಸ್ಪಾಟಿಂಗ್ ಟೇಬಲ್. ಗನ್ನಿನಲ್ಲಿ ಕೆಮಿಕಲ್ ಹೊಡೆದು ಬಟ್ಟೆಯ ಎಣ್ಣೆ ಕಲೆ ತೆಗೆಯಬೇಕು. ಊಟ ಆದ ಮೇಲೆ ಮತ್ತೆ ಕತ್ತರಿ. ಬಲಗೈ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಜೋಮು ಹಿಡಿಯುತ್ತವೆ. ರಾತ್ರಿ ಮೂರಕ್ಕೆ ಎಚ್ಚರವಾಗಿ ಕೈ ಒದರುತ್ತಾರೆ. ಮುದ್ದೆ ಕೋಲು ಗಟ್ಟಿಯಾಗಿ ಹಿಡಿಯಲು ಆಗುತ್ತಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ತಲೆನೋವು ಶುರು, ಸಂಜೆ ಬಸ್ಸಿನಲ್ಲಿ ತಲೆ ತೇಲಿದ ಹಾಗೆ.

ಅವರ ಪ್ರಶ್ನೆ ಒಂದೇ. ಈಗಲೇ ಕೆಲಸ ಬಿಡಬೇಕಾ, ಇಲ್ಲಾ ಐದು ವರ್ಷ ತುಂಬಿ ಗ್ರಾಚ್ಯುಟಿ ಬರುವವರೆಗೆ ಇನ್ನು ಎಂಟು ತಿಂಗಳು ತಡೆದುಕೊಳ್ಳಬೇಕಾ? ಮಗಳು ಎಸ್‌ಎಸ್‌ಎಲ್‌ಸಿ. ಆ ದುಡ್ಡು ಪಿಯುಸಿ ಫೀಸಿಗೆ ಬೇಕು. ಗಂಡ ತಡ್ಕೋ ಅನ್ನುತ್ತಾರೆ. ಅತ್ತೆ ನಂಬುವುದೇ ಇಲ್ಲ. ಯಾಕೆ ಎನ್ನುವುದನ್ನು ಪತ್ರದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಬರೆದಿದ್ದಾರೆ: ‘ಭಾನುವಾರ ನಂಗೆ ತಲೆನೋವು ಬರಲ್ಲ. ಹಬ್ಬಕ್ಕೆ ನಾಲ್ಕು ದಿನ ರಜೆ ಇದ್ದಾಗಲೂ ಬರಲಿಲ್ಲ. ಅದಕ್ಕೇ ಇದು ಕೆಲಸಗಳ್ಳತನದ ತಲೆನೋವು ಅಂತಾರೆ.’

ತಂಗೀ, ನೀವು ನಾಚಿಕೆಯಿಂದ ಅಂಚಿಗೆ ತಳ್ಳಿದ ಆ ಮಾತೇ ಇಡೀ ಪತ್ರದಲ್ಲಿ ಮುಖ್ಯವಾದದ್ದು. ಕೆಲಸದ ದಿನ ಬಂದು ರಜೆಯ ದಿನ ಹೋಗುವ ನೋವು ಎಲ್ಲಿಂದ ಬರುತ್ತಿದೆ ಎಂದು ಅದೇ ಹೇಳುತ್ತಿದೆ. ದೃಷ್ಟಿ ತಾಗಿದ್ದರೆ, ಅತ್ತೆ ಹೇಳುವಂತೆ ಪಿತ್ತವಾಗಿದ್ದರೆ ಅದು ಭಾನುವಾರ ನೋಡಿಕೊಂಡು ಬಿಡುವು ಕೊಡುತ್ತಿರಲಿಲ್ಲ. ಕೆಲಸದ ಕಾಯಿಲೆ ಬಲ್ಲ ವೈದ್ಯರು ಮೊದಲು ಕೇಳುವುದೇ ‘ರಜೆಯಲ್ಲಿ ಕಮ್ಮಿ ಆಗುತ್ತಾ?’ ಎಂದು. ನಿಮ್ಮನ್ನು ಸುಳ್ಳಿ ಅನ್ನಲು ಮನೆಯವರು ಹಿಡಿದ ಮಾತೇ ನಿಮ್ಮ ಕೈಲಿರುವ ಗಟ್ಟಿ ಸಾಕ್ಷಿ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಗಂಡನ ಮೇಲೂ ಇಲ್ಲ. ರಾತ್ರಿ ಎದ್ದು ನಿಮ್ಮ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ನೀವುತ್ತಾರೆ ಎಂದು ನೀವೇ ಬರೆದಿದ್ದೀರಿ. ಸಿಟ್ಟು ಬಂದಿರುವುದು ನಿಮ್ಮೂರಿನ ಕ್ಲಿನಿಕ್‌ನ ಆ ಡಾಕ್ಟರ್ ಮೇಲೆ. ಒಂದು ವರ್ಷದಲ್ಲಿ ಏಳು ಸಲ ಹೋಗಿದ್ದೀರಿ. ಪ್ರತಿ ಸಲ ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ಒಂದು ಇಂಜೆಕ್ಷನ್. ಏಳು ಸಲದಲ್ಲಿ ಒಮ್ಮೆಯಾದರೂ ‘ಏನಮ್ಮಾ ಕೆಲಸ ಮಾಡ್ತೀಯ?’ ಎಂದು ಕೇಳಲಿಲ್ಲ. ಈ ಅಂಕಣ ಓದುವವರಿಗೆ ಗೊತ್ತು, ನಾನು ಇದನ್ನು ಮತ್ತೆ ಮತ್ತೆ ಬರೆಯುತ್ತೇನೆ, ಇನ್ನೂ ಬರೆಯುತ್ತೇನೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಝಿನಿ ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ‘ನಿನ್ನ ಕಸುಬು ಏನು?’ ಎಂಬುದನ್ನೂ ಸೇರಿಸಬೇಕು ಎಂದು 1700ರಲ್ಲೇ ಬರೆದರು. ಮೂರು ಶತಮಾನ ಕಳೆದರೂ ಒಬ್ಬ ಹೆಂಗಸು ಬೆರಳು ಜೋಮು ಅಂದರೆ ನಮ್ಮಲ್ಲಿ ‘ನಿಶ್ಶಕ್ತಿ, ಟಾನಿಕ್ ಕುಡಿ’.

ನನ್ನ ದೊಡ್ಡಮ್ಮ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುತ್ತಿದ್ದರು. ಒಡೆದದ್ದು, ಕಪ್ಪಾದದ್ದು ಬೇರೆ ಮಾಡುತ್ತಾ ದಿನವಿಡೀ ಅದೇ ಮೂರು ಬೆರಳಿನ ಕೆಲಸ. ಕಡೆಕಡೆಗೆ ರವಿಕೆ ಹುಕ್ಸ್ ಹಾಕಿಕೊಳ್ಳಲು ನಮ್ಮನ್ನು ಕರೆಯುತ್ತಿದ್ದರು. ಮನೆಯಲ್ಲಿ ಎಲ್ಲರೂ ವಾತ ಅಂದೆವು. ಅವರ ಹೆಬ್ಬೆರಳ ಬುಡದ ಮಾಂಸ ಬತ್ತಿ ಗುಳಿ ಬಿದ್ದಿದ್ದು ನನಗೆ ಈಗಲೂ ಕಣ್ಣ ಮುಂದಿದೆ.

ನಿಮ್ಮ ಕೈಯಲ್ಲಿ ಆಗುತ್ತಿರುವುದು ಬಹುಶಃ ಅದೇ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಿಸುವ ಹುರಿಯಂಥ ಸ್ನಾಯುರಜ್ಜುಗಳೂ ಹೆಬ್ಬೆರಳ ಕಡೆಗೆ ಸ್ಪರ್ಶ ಒಯ್ಯುವ ನರವೂ ಅದರಲ್ಲೇ ಹಾಯುತ್ತವೆ. ದಿನಕ್ಕೆ ಸಾವಿರಾರು ಸಲ ಕತ್ತರಿ ಒತ್ತಿದರೆ ಒಳಗೆ ಊದಿಕೊಂಡು ಆ ನರ ಅದುಮಿದಂತಾಗುತ್ತದೆ. ಕಿರುಬೆರಳಿಗೆ ಬೇರೆ ನರ ಇರುವುದರಿಂದ ಅದು ಚೆನ್ನಾಗಿಯೇ ಇರುತ್ತದೆ. ನಿಮಗೂ ಹಾಗೇ ಅಲ್ವಾ? ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಶುರುವಿನಲ್ಲೇ ಹಿಡಿದರೆ ರಾತ್ರಿ ಮಣಿಕಟ್ಟು ನೆಟ್ಟಗೆ ಇರಿಸುವ ಪಟ್ಟಿ ಕಟ್ಟಿ, ಕೆಲಸ ಬದಲಿಸಿ ಎಷ್ಟೋ ಜನ ಸುಧಾರಿಸಿದ್ದಾರೆ. ಥೈರಾಯ್ಡ್, ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದೆ. ಆ ರಕ್ತ ಪರೀಕ್ಷೆಯನ್ನೂ ಮಾಡಿಸಿ.

ಆದರೆ ಇನ್ನೊಂದು ವಿಷಯ ಕೇಳಬೇಕು. ನಿಮ್ಮ ಕಾಲ್ಬೆರಳೂ ಜೋಮು ಹಿಡಿಯುತ್ತವಾ? ಚಪ್ಪಲಿ ಜಾರಿದ್ದು ಗೊತ್ತಾಗದೆ ಹೋಗುತ್ತಾ? ಹೌದು ಎನ್ನುವುದಾದರೆ ಇದನ್ನು ಮೊದಲು ವೈದ್ಯರಿಗೆ ಹೇಳಿ. ಹೆಕ್ಸೇನ್ ಎಂಬ ಕೆಮಿಕಲ್ ಇರುವ ಸಾಲ್ವೆಂಟ್‌ನ, ಅಂದರೆ ಜಿಡ್ಡು ಕರಗಿಸುವ ದ್ರವದ, ಆವಿ ತಿಂಗಳುಗಟ್ಟಲೆ ಒಳಗೆ ಹೋದರೆ ಕೈ ಕಾಲು ಎರಡರ ನರವೂ ಕೆಡುತ್ತವೆ. ಆಗ ಬರೀ ಕತ್ತರಿಯನ್ನು ದೂರಿ ಪ್ರಯೋಜನವಿಲ್ಲ.

ಇಲ್ಲಿಗೆ ಆ ಕೆಮಿಕಲ್ ವಿಷಯಕ್ಕೆ ಬಂದೆ. ಅದರ ಹೆಸರೇ ನಿಮಗೆ ಗೊತ್ತಿಲ್ಲ. ಸ್ಟೋರಿನಲ್ಲಿ ದೊಡ್ಡ ಕ್ಯಾನಿನಿಂದ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದು ಕೊಡುತ್ತಾರೆ, ಎಲ್ಲರೂ ‘ಕಲೆ ನೀರು’ ಅನ್ನುತ್ತಾರೆ ಎಂದು ಬರೆದಿದ್ದೀರಿ. ಓದಿ ನನ್ನ ಎದೆ ಝಲ್ಲೆಂದಿತು. ಬಾಯಾರಿದ ಯಾರಾದರೂ ಅದನ್ನು ಎತ್ತಿ ಕುಡಿದರೆ? ಇಂಥ ಕೆಲಸಕ್ಕೆ ಬಳಸುವ ಸಾಲ್ವೆಂಟ್‌ಗಳಲ್ಲಿ ಟ್ರೈಕ್ಲೋರೋಎಥಿಲೀನ್ ಒಂದು. ಒಂದು ಕಾಲದಲ್ಲಿ ಅದನ್ನು ಆಸ್ಪತ್ರೆಯಲ್ಲಿ ಅರಿವಳಿಕೆಯಾಗಿ ಕೊಡುತ್ತಿದ್ದರು. ಅದರ ಆವಿ ಕುಡಿದರೆ ತಲೆ ತೇಲುವುದು, ಮಂಪರು, ವಾಕರಿಕೆ ಎಲ್ಲ ಬರುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಿಮ್ಮ ಬಾಟಲಿಯಲ್ಲಿ ಅದೇ ಇದೆ ಎಂದು ಹೇಳುತ್ತಿಲ್ಲ. ಏನಿದೆ ಎಂದು ತಿಳಿಯದೆ ಒಂದು ದಿನವೂ ಗನ್ ಹಿಡಿಯಬಾರದು ಎನ್ನುತ್ತಿದ್ದೇನೆ.

ನಿಮ್ಮ ಲೈನಿನ ಹಿರಿಯ ಅಕ್ಕ ‘ವಾಸನೆ ರೂಢಿ ಆಗುತ್ತೆ’ ಅಂದರಂತೆ. ರೂಢಿಯಾಗುವುದು ಮೂಗಿಗೆ. ವಾಸನೆ ಗೊತ್ತಾಗದಿದ್ದರೂ ಆವಿ ಒಳಗೆ ಹೋಗುತ್ತಲೇ ಇರುತ್ತದೆ. ಕಂಪನಿ ಕೊಟ್ಟ ಬಟ್ಟೆ ಮಾಸ್ಕ್ ಧೂಳಿಗೆ ಅಷ್ಟೋ ಇಷ್ಟೋ ಆದೀತು, ಆವಿಗೆ ಏನೂ ಆಗದು. ಅದಕ್ಕೆ ಇದ್ದಿಲ ಫಿಲ್ಟರ್ ಇರುವ ಮಾಸ್ಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಟೇಬಲ್ಲಿನ ಹತ್ತಿರವೇ ಆವಿಯನ್ನು ಮುಖದಿಂದ ಆಚೆಗೆ ಎಳೆಯುವ ಎಕ್ಸಾಸ್ಟ್ ಬೇಕು. ತಲೆ ಮೇಲಿನ ಫ್ಯಾನ್ ಅದನ್ನು ಪಕ್ಕದವರ ಮುಖಕ್ಕೆ ತಳ್ಳುತ್ತದೆ ಅಷ್ಟೇ.

ಈಗ ನಿಮ್ಮ ಪ್ರಶ್ನೆ. ಬೇಸಿಕ್ ಮತ್ತು ಡಿಎ ಸೇರಿ 12,000 ಎಂದಿದ್ದೀರಿ. ಐದು ವರ್ಷಕ್ಕೆ ಗ್ರಾಚ್ಯುಟಿ ಸುಮಾರು 34,600 ಆಗುತ್ತದೆ. ಅದು ಚಿಕ್ಕ ದುಡ್ಡಲ್ಲ, ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಆದರೆ ಬಿಡುವುದು, ತಡೆದುಕೊಳ್ಳುವುದು ಎಂದು ಎರಡೇ ದಾರಿ ಇವೆ ಎಂದುಕೊಂಡಿದ್ದೀರಿ. ಮೂರನೆಯದು ನಿಮ್ಮ ಪೇಸ್ಲಿಪ್‌ನಲ್ಲೇ ಇದೆ. ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ ಎಂದು ತಿಂಗಳಿಗೆ 90 ರೂಪಾಯಿ ಕಡಿತವಾಗುತ್ತಿದೆ ನೋಡಿ. ಕಂಪನಿಯೂ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಕಟ್ಟುತ್ತದೆ. ಇಎಸ್‌ಐ ಡಾಕ್ಟರ್ ರಜೆ ಬರೆದರೆ ಸಂಬಳದ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಕಾಯಿಲೆಯ ರಜೆಯಿಂದ ಗ್ರಾಚ್ಯುಟಿ ಲೆಕ್ಕದ ಸೇವೆ ಮುರಿಯುವುದಿಲ್ಲ. ಇಷ್ಟೆಲ್ಲ ಇದ್ದೂ ಕ್ಲಿನಿಕ್‌ಗೆ ಏಳು ಸಲ ಕೈಯಿಂದ ದುಡ್ಡು ಕೊಟ್ಟಿದ್ದೀರಿ. ಇಎಸ್‌ಐಗೆ ಹೋದರೆ ಅರ್ಧ ದಿನದ ಸಂಬಳ ಹೋಗುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ ಎಂದು ತಾನೆ? ಅರ್ಥವಾಗುತ್ತದೆ. ಆದರೂ ಈ ಸಲ ಹೋಗಿ.

ಕೆಮಿಕಲ್ ಹೆಸರು ಕೇಳಿದರೆ ಜಗಳಗಂಟಿ ಅನ್ನುತ್ತಾರೆ ಎಂಬ ಭಯ ನಿಮ್ಮದು. ಅದು ನಿಮ್ಮ ಹಕ್ಕು. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ತಮ್ಮ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿ ಕೇಳಿ ಪಡೆಯುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟರು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದು ಇದೆ. ಪ್ರತಿ ಕೆಮಿಕಲ್‌ಗೂ ಸೇಫ್ಟಿ ಡೇಟಾ ಶೀಟ್ ಎಂಬ ಕಾಗದ ಇರುತ್ತದೆ. ಒಳಗೆ ಏನಿದೆ, ಯಾವ ಮಾಸ್ಕ್, ಯಾವ ಗ್ಲೌಸ್ ಬೇಕು ಎಲ್ಲ ಅದರಲ್ಲೇ ಇರುತ್ತದೆ.

ಹಾಗಾಗಿ ಒಂದೇ ಕೆಲಸ ಹೇಳುತ್ತೇನೆ, ಇದನ್ನು ಮಾಡಲೇಬೇಕು. ಸೋಮವಾರ ಸ್ಟೋರಿಗೆ ಹೋಗಿ ದೊಡ್ಡ ಕ್ಯಾನಿನ ಮೇಲಿನ ಹೆಸರು ನೋಡಿಕೊಳ್ಳಿ. ಮೊಬೈಲ್ ಒಳಗೆ ಬಿಡುವುದಿಲ್ಲ ಎಂದು ಗೊತ್ತು. ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಬರೆದುಕೊಳ್ಳಿ. ಇಂಗ್ಲಿಷ್ ಬರದಿದ್ದರೆ ಅಕ್ಷರ ಹೇಗಿದೆಯೋ ಹಾಗೇ ಚಿತ್ರ ಬರೆದಂತೆ ಬರೆಯಿರಿ, ಸಂಜೆ ಮಗಳು ಓದುತ್ತಾಳೆ. ಮಂಗಳವಾರ ಕೆಲಸಕ್ಕೆ ಹೋಗಬೇಡಿ, ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. ಗಂಡನನ್ನೂ ಕರೆದುಕೊಂಡು ಹೋಗಿ, ಅವರೂ ಕೇಳಿಸಿಕೊಳ್ಳಲಿ. ಡಾಕ್ಟರ್ ಕೇಳಲಿ ಬಿಡಲಿ, ಕುಳಿತ ಕೂಡಲೇ ಹೇಳಿ: ‘ಬೆಳಿಗ್ಗೆ ಈ ಕೆಮಿಕಲ್ ಹೊಡೀತೀನಿ, ಮಧ್ಯಾಹ್ನ ದಾರ ಕತ್ತರಿಸ್ತೀನಿ, ಭಾನುವಾರ ತಲೆನೋವು ಇರಲ್ಲ.’ ಈ ಮೂರೂ ಚೀಟಿಯಲ್ಲಿ ಬರೆಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಗನ್ ಕೆಲಸದಿಂದ ಬದಲಿಸಬೇಕು ಎಂದು ಅವರು ಬರೆದುಕೊಟ್ಟರೆ, ಅದನ್ನು ಎಚ್‌ಆರ್‌ಗೆ ಕೊಟ್ಟು ಜೆರಾಕ್ಸ್ ಮೇಲೆ ಸಹಿ ಹಾಕಿಸಿಕೊಳ್ಳಿ.

ಕ್ಯಾನಿನ ಮೇಲಿದ್ದ ಹೆಸರನ್ನು ನನಗೂ ಬರೆದು ಕಳಿಸಿ. ಕಾಯುತ್ತಿರುತ್ತೇನೆ.