ಕಿರಿಕಿರಿ ಯಾರದು, ಯಾರಿಗೆ?

ಮಂಡ್ಯದ ಓದುಗರೊಬ್ಬರ ಪತ್ರ: ‘ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಪಕ್ಕದ ಬೀದಿಯ ಮೈಕಿನ ಗಲಾಟೆ ಬಗ್ಗೆ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ ದೂರು ಬರೆದು ತಂದರು. “ಐ ಆಮ್ ವೆರಿ ಇರಿಟೇಟಿಂಗ್” ಅಂತಿತ್ತು. “ಇರಿಟೇಟೆಡ್” ಅಂತ ತಿದ್ದಿದೆ. ಎಲ್ಲರೂ ಇರಿಟೇಟಿಂಗ್ ಅಂತಾನೇ ಅಲ್ವಾ ಹೇಳೋದು ಅಂತ ಬೇಜಾರು ಮಾಡಿಕೊಂಡರು. ಯಾರು ಸರಿ?’

ನಮಸ್ಕಾರ. ನೀವು ತಿದ್ದಿದ್ದೇ ಸರಿ. ಆದರೆ ಆ ಹಿರಿಯರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ‘ನನಗೆ ಇರಿಟೇಟಿಂಗ್ ಆಗ್ತಿದೆ’ ಅಂತ ನಾವೆಲ್ಲ ದಿನಾ ಹೇಳುತ್ತೇವೆ. ಅಲ್ಲಿರುವ ‘ನನಗೆ’ ನಮ್ಮನ್ನು ಕಾಯುತ್ತದೆ. ಕಿರಿಕಿರಿ ಎಲ್ಲಿಂದಲೋ ಬಂದು ನನಗೆ ತಗುಲಿತು ಅಂತ ಕೇಳಿದವರಿಗೆ ಗೊತ್ತಾಗುತ್ತದೆ. ಹಸಿವು, ಚಳಿ, ಬೇಜಾರು ಎಲ್ಲವೂ ಕನ್ನಡದಲ್ಲಿ ‘ನನಗೆ’ ಆಗುವಂಥವೇ. ಇಂಗ್ಲಿಷಿಗೆ ಹೋದರೆ ‘ನನಗೆ’ ಇದ್ದ ಕಡೆ ‘ಐ’ ಬಂದು ಕೂರುತ್ತದೆ. ಆಗಲೂ ‘ಇಂಗ್’ ಹಾಗೇ ಉಳಿದರೆ, ‘ನಾನು ಬೇರೆಯವರಿಗೆ ಕಿರಿಕಿರಿ ಕೊಡುವವನು’ ಅಂತ ಅರ್ಥ ತಿರುಗಿಬಿಡುತ್ತದೆ. ಕಾಟ ತಾಳಲಾರದೆ ದೂರು ಬರೆದವರ ಬಾಯಲ್ಲಿ ಈ ಮಾತು ಬರಬಾರದಲ್ವಾ?

ಮೈಕು ಇರಿಟೇಟಿಂಗ್, ನಾನು ಇರಿಟೇಟೆಡ್. ಬೋರಿಂಗ್–ಬೋರ್ಡ್, ಅನಾಯಿಂಗ್–ಅನಾಯ್ಡ್ ಕೂಡ ಹೀಗೇ.

ಈ ‘ಅನಾಯ್’ ಪದದ ಹುಟ್ಟನ್ನು ಅವರಿಗೆ ಹೇಳಿ, ಸಮಾಧಾನವಾದೀತು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ ಅದು. ಬೇರು ಇರುವುದು ಲ್ಯಾಟಿನ್ನಿನ ‘ಮಿಹಿ ಇನ್ ಓಡಿಯೋ ಎಸ್ಟ್’ ಎಂಬ ಮಾತಿನಲ್ಲಿ. ‘ಅದನ್ನು ಕಂಡರೆ ನನಗಾಗದು’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ‘ಮಿಹಿ’ ಅಂದರೆ ನಮ್ಮ ‘ನನಗೆ’! ಹಿರಿಯರ ಮನಸ್ಸಿನಲ್ಲಿದ್ದ ‘ನನಗೆ’ ಆ ಪದದ ಬೇರಿನಲ್ಲೂ ಇತ್ತು. ನನಗಂತೂ ಇದು ಗೊತ್ತಾದ ದಿನ ತುಂಬ ಖುಷಿಯಾಗಿತ್ತು.

ಇನ್ನು ದೂರಿನ ವಿಷಯ. ಇರಿಟೇಟೆಡ್ ಅಂತ ಒಂದು ಸಲ ಬಂದರೆ ಸಾಕು, ‘ವೆರಿ’ ಬೇಡ. ಯಾವ ದಿನ, ಎಷ್ಟು ಗಂಟೆಯವರೆಗೆ ಮೈಕು ಕೂಗಿತು ಅಂತ ಬರೆಸಿ. ಸರ್ಕಾರ ವಿನಾಯಿತಿ ಕೊಟ್ಟ ಕೆಲವು ದಿನ ಬಿಟ್ಟರೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕು ಹಾಕುವ ಹಾಗಿಲ್ಲ. ಆ ಸಾಲೂ ಸೇರಲಿ.

ನನ್ನನ್ನು ಕೇಳಿದರೆ, ದೂರನ್ನು ಕನ್ನಡದಲ್ಲೇ ಕೊಡಲಿ. 1963ರ ಕಾಯ್ದೆಯಿಂದ ಕನ್ನಡ ನಮ್ಮ ರಾಜ್ಯದ ಆಡಳಿತ ಭಾಷೆ. ‘ಮೂರು ರಾತ್ರಿಯಿಂದ ನಿದ್ದೆಯಿಲ್ಲ, ತಲೆ ಚಿಟ್ಟು ಹಿಡಿದಿದೆ’ ಅಂತ ಅವರು ಹೇಳಿದ ಹಾಗೇ ಟೈಪ್ ಮಾಡಿಕೊಡಿ.