ಆರೈಕೆ ಕೇಂದ್ರದಲ್ಲೇ ಇರುವ ಹಿರಿಯರಿಗೆ ಮಸಾಜ್ ಮಾಡಿಸಬಹುದಾ?

ಖಂಡಿತ ಮಾಡಿಸಬಹುದು. ಆದರೆ ಗಟ್ಟಿಯಾಗಿ ತಿಕ್ಕುವುದು ಬೇಡ. ವಯಸ್ಸಾದಂತೆ ಚರ್ಮ ತೆಳ್ಳಗಾಗುತ್ತದೆ, ಮೂಳೆ ಸವೆದಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರಿಗೆ ಸ್ವಲ್ಪ ಒತ್ತಿದರೂ ನೀಲಿಗಟ್ಟಬಹುದು.

ನನ್ನ ಪ್ರಕಾರ ಕೈಯಿಂದ ಶುರು ಮಾಡುವುದೇ ಒಳ್ಳೆಯದು. ಬಟ್ಟೆ ಬಿಚ್ಚಬೇಕಿಲ್ಲ, ಕುರ್ಚಿಯಲ್ಲಿ ಕೂತಲ್ಲೇ ಆಗುತ್ತದೆ. ಅಂಗೈ, ಬೆರಳುಗಳನ್ನು ನಿಧಾನವಾಗಿ ನೀವಿ, 5–10 ನಿಮಿಷ ಸಾಕು. ಮರೆವಿನ ಕಾಯಿಲೆ ಇರುವವರ ಚಡಪಡಿಕೆ ಇದರಿಂದ ಎಷ್ಟೋ ಸಲ ತಗ್ಗುತ್ತದೆ. ಅವರನ್ನು ಯಾರಾದರೂ ಮುಟ್ಟುವುದೇ ಸ್ನಾನಕ್ಕೆ, ಬಟ್ಟೆ ಬದಲಿಸಲು, ಇಂಜೆಕ್ಷನ್‌ಗೆ ಅಲ್ವಾ? ಸುಮ್ನೆ ಪ್ರೀತಿಯಿಂದ ಕೈ ಹಿಡಿಯುವವರು ಕಡಿಮೆ.

ಒಂದು ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮುಟ್ಟಲೇಬೇಡಿ, ತಕ್ಷಣ ನರ್ಸ್‌ಗೆ ಹೇಳಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಗಡ್ಡೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಕೆಂಪಾಗಿದ್ದರೆ ಅದು ಹಾಸಿಗೆ ಹುಣ್ಣಿನ ಶುರು ಇರಬಹುದು. ಅಲ್ಲಿ ಉಜ್ಜಿದರೆ ಜಾಸ್ತಿ ಹಾಳಾಗುತ್ತದೆ.

ಪ್ರತಿ ಸಲವೂ ಕೇಳಿಯೇ ಮುಟ್ಟಿ. ಮಾತಾಡಲಾಗದವರು ಕೈ ಎಳೆದುಕೊಂಡರೆ, ಮುಖ ಕಿವುಚಿದರೆ, ಅಲ್ಲಿಗೇ ನಿಲ್ಲಿಸಿ.