ಲಂಡನ್ನಿನಿಂದ ಅರ್ಧ ದಿನದಲ್ಲಿ ನೋಡಿಬರಬಹುದಾದ ಹಳೆಯ ಮಹಲು ಯಾವುದು?

ಮಗಳ ಮನೆಗೆಂದು ಲಂಡನ್ನಿಗೆ ಬಂದಿರುವ ನೀವು, ಕಾರಿಲ್ಲದೆ ಅರ್ಧ ದಿನದಲ್ಲಿ ನೋಡಿಬರಬಹುದಾದ, ಒಳಾಂಗಣಕ್ಕೆ ಹೆಸರಾದ ಒಂದು ಹಳೆಯ ಮಹಲನ್ನು ಸೂಚಿಸಲು ಕೇಳಿದ್ದೀರಿ. ನಾನು ಹಿಂದೆಮುಂದೆ ನೋಡದೆ ಪಶ್ಚಿಮ ಲಂಡನ್ನಿನ ಆಸ್ಟರ್ಲಿ ಮಹಲಿನ ಹೆಸರು ಹೇಳುತ್ತೇನೆ. ಪಿಕಡಿಲಿ ಮಾರ್ಗದ ರೈಲಿನಲ್ಲಿ ಆಸ್ಟರ್ಲಿ ನಿಲ್ದಾಣಕ್ಕೆ ಬಂದು, ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷ ನಡೆದರೆ ಸಾಕು. ದಾರಿಯುದ್ದಕ್ಕೂ ಹೀಥ್ರೂಗೆ ಇಳಿಯುವ ವಿಮಾನಗಳ ಸದ್ದಿರುತ್ತದೆ. ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡು ಹೋಗಿ.

ದೂರದಿಂದ ನೋಡಿದಾಗ ನಾಲ್ಕು ಮೂಲೆಗಳಲ್ಲಿ ಗೋಪುರಗಳಿರುವ ಕೆಂಪು ಇಟ್ಟಿಗೆಯ ಕಟ್ಟಡವಷ್ಟೇ ಕಾಣುವುದರಿಂದ ಮೊದಲಿಗೆ ಸ್ವಲ್ಪ ನಿರಾಸೆಯಾಗಬಹುದು. 16ನೆಯ ಶತಮಾನದಲ್ಲಿ ಥಾಮಸ್ ಗ್ರೆಶಮ್ ಎಂಬ ಸಿರಿವಂತ ವರ್ತಕ ಕಟ್ಟಿಸಿದ ಈ ಮನೆ 1713ರಲ್ಲಿ ಚೈಲ್ಡ್ ಎಂಬ ಬ್ಯಾಂಕರುಗಳ ಕುಟುಂಬದ ಕೈ ಸೇರಿತು. ಅವರ ವಂಶದವರು 1761ರಲ್ಲಿ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ರಾಬರ್ಟ್ ಆಡಮ್‌ಗೆ ಇದನ್ನು ಹೊಸದಾಗಿ ರೂಪಿಸುವ ಕೆಲಸ ಒಪ್ಪಿಸಿದರು. ಇಟಲಿಯಲ್ಲಿ ಪ್ರಾಚೀನ ರೋಮನ್ ಕಟ್ಟಡಗಳನ್ನು ಅಭ್ಯಾಸ ಮಾಡಿ ಬಂದಿದ್ದ ಆತ ಹಳೆಯ ಮನೆಯನ್ನು ಕೆಡವಲಿಲ್ಲ. ಮುಂಭಾಗದಲ್ಲಿ ಎರಡು ಸಾಲು ಕಂಬಗಳ ತೆರೆದ ಮಂಟಪವೊಂದನ್ನು ನಿಲ್ಲಿಸಿ, ಪ್ರಾಚೀನ ಗ್ರೀಕ್, ರೋಮನ್ ಮಾದರಿಗಳನ್ನು ಅನುಸರಿಸುವ ತನ್ನ ನವಶಾಸ್ತ್ರೀಯ ಶೈಲಿಯ ಹೆಚ್ಚಿನ ಕೈಚಳಕವನ್ನು ಒಳಗಿನ ಕೋಣೆಗಳಿಗೆ ಮೀಸಲಿಟ್ಟ.

ಪ್ರವೇಶದ ಹಜಾರದಲ್ಲಿ ಕತ್ತೆತ್ತಿ ಚಾವಣಿಯ ಗಚ್ಚಿನ ವಿನ್ಯಾಸವನ್ನು ನೋಡಿ, ಆಮೇಲೆ ನಿಮ್ಮ ಕಾಲಡಿಯ ನೆಲವನ್ನು ನೋಡಿ. ಮೇಲಿರುವುದರ ಪ್ರತಿಬಿಂಬವೇ ಕೆಳಗೆ ಬಣ್ಣದ ಕಲ್ಲಿನಲ್ಲಿ ಬಿದ್ದಂತಿದೆ. ಇದನ್ನು ಗಮನಿಸಿದ ಮೇಲೆ ಉಳಿದ ಕೋಣೆಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ, ಏಕೆಂದರೆ ಆಡಮ್ ಚಾವಣಿಯಿಂದ ನೆಲಹಾಸಿನವರೆಗೆ, ಕುರ್ಚಿ, ಕನ್ನಡಿಗಳನ್ನೂ ಸೇರಿಸಿ, ಒಂದು ಕೋಣೆಯನ್ನು ಒಂದೇ ಕೃತಿಯೆಂದು ಭಾವಿಸಿದ್ದ. ಊಟದ ಕೋಣೆಯಲ್ಲಿ ನಡುವೆ ಮೇಜಿಲ್ಲದೆ ಕುರ್ಚಿಗಳೆಲ್ಲ ಗೋಡೆಗೆ ಒತ್ತಿ ನಿಂತಿರುವುದು ವಿಚಿತ್ರವೆನಿಸಿದರೆ, ಆ ಕಾಲದಲ್ಲಿ ಊಟದ ಹೊತ್ತಿಗೆ ಮಾತ್ರ ಮಡಚುವ ಮೇಜನ್ನು ತಂದು ಹಾಕುತ್ತಿದ್ದರೆಂಬುದನ್ನು ನೆನಪಿಸಿಕೊಳ್ಳಿ.

ಟ್ಯಾಪೆಸ್ಟ್ರಿ ಕೋಣೆಯ ಗೋಡೆಗಳಿಗೆ ಪ್ಯಾರಿಸ್‌ನ ಗೋಬ್ಲಾಂ ಕಾರ್ಖಾನೆಯಲ್ಲಿ ನೇಯ್ದ ಗುಲಾಬಿಗೆಂಪು ಚಿತ್ರವಸ್ತ್ರಗಳನ್ನು ಹೊದಿಸಿದ್ದಾರೆ. ಬಣ್ಣ ಮಾಸದಿರಲೆಂದು ಬೆಳಕು ಕಡಿಮೆ ಇಟ್ಟಿರುವುದರಿಂದ ಅಲ್ಲಿ ಎರಡು ನಿಮಿಷ ಸುಮ್ಮನೆ ನಿಂತರೆ ಮಾತ್ರ ಹೂಮಾಲೆಗಳೂ ಹಕ್ಕಿಗಳೂ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ನನಗೆ ಅದಕ್ಕಿಂತ ಇಷ್ಟವಾದದ್ದು, ಪ್ರಾಚೀನ ಇಟಲಿಯ ಎಟ್ರಸ್ಕನ್ ಜನರ ಹೆಸರು ಹೊತ್ತ ಎಟ್ರಸ್ಕನ್ ಕೋಣೆ: ತೆಳು ಹಿನ್ನೆಲೆಯ ಮೇಲೆ, ಹಳೆಯ ಗ್ರೀಕ್ ಹೂದಾನಿಗಳಲ್ಲಿರುವಂತೆ, ಸುಟ್ಟ ಮಣ್ಣಿನ ಬಣ್ಣ ಮತ್ತು ಕಪ್ಪಿನಲ್ಲಿ ಬರೆದ ಸಪೂರ ಚಿತ್ರಗಳು. ಈ ಮನೆಯನ್ನು ಅರಮನೆಗಳ ಅರಮನೆಯೆಂದು ಹೊಗಳಿದ್ದ 18ನೆಯ ಶತಮಾನದ ಇಂಗ್ಲಿಷ್ ಬರಹಗಾರ ಹೊರೇಸ್ ವಾಲ್ಪೋಲ್ ಈ ಕೋಣೆಗೆ ಬಂದಾಗ ಮಾತ್ರ, ಅರಮನೆಯಿಂದ ಕುಂಬಾರನ ಹೊಲಕ್ಕೆ ಕಾಲಿಟ್ಟಂತಾಯಿತೆಂದು ಗೇಲಿ ಮಾಡಿದ. ಈ ಒಂದು ವಿಷಯದಲ್ಲಿ ನಾನು ಆತನ ಪಕ್ಷದವನಲ್ಲ.

ಇಷ್ಟೆಲ್ಲದರ ಹಿಂದೆ ಬ್ಯಾಂಕಿನ ಲಾಭದ ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರವೂ ಇತ್ತು. ಚೈಲ್ಡ್ ಕುಟುಂಬದವರು ಕಂಪನಿಯ ನಿರ್ದೇಶಕರೂ ಆಗಿದ್ದರು. ಹಾಗಾಗಿ ಪೂರ್ವದೇಶಗಳಿಂದ ಬಂದ ಅರಗಿನ ಹೊಳಪಿನ ಪೀಠೋಪಕರಣಗಳ ಮುಂದೆ ನಿಂತಾಗ ನಮ್ಮಂಥವರಿಗೆ ಬರೀ ಮೆಚ್ಚುಗೆಯೊಂದೇ ಮೂಡುವುದಿಲ್ಲ.

1949ರಿಂದ ಇದು, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ. ಉದ್ಯಾನ ತೆರೆದಿದ್ದರೂ ಮನೆಯ ಒಳಗೆ ಬಿಡದ ದಿನಗಳಿರುವುದರಿಂದ ಹೊರಡುವ ಮೊದಲು ಅವರ ಜಾಲತಾಣದಲ್ಲಿ ಸಮಯ ನೋಡಿಕೊಳ್ಳಿ. ಮೊದಲ ಸಲ ನಾನು ಕೆರೆಯ ದಂಡೆಯಲ್ಲಿ ಸುತ್ತಾಡುತ್ತ ಹೊತ್ತು ಕಳೆದು, ಮನೆಯೊಳಗೆ ಹೋದಾಗ ಮುಚ್ಚಲು ಅರ್ಧ ಗಂಟೆಯಷ್ಟೇ ಉಳಿದಿತ್ತು. ಎಟ್ರಸ್ಕನ್ ಕೋಣೆಯನ್ನು ನೋಡಲು ಮತ್ತೊಮ್ಮೆ ಟಿಕೆಟ್ ಕೊಳ್ಳಬೇಕಾಯಿತು. ನೀವು ಮನೆಯನ್ನು ಮೊದಲು ನೋಡಿ, ಕೆರೆಯನ್ನು ಆಮೇಲೆ ನೋಡಿ.